ಸಭೆಯ ರಜಿಸ್ಟರು, ಮೊಬೈಲಿನ ಡೈರೆಕ್ಟರಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳಲ್ಲಿ ಕ್ರೈಸ್ತರ ಸಂಖ್ಯೆ ದೊಡ್ಡದಲ್ಲ. ಗುಡಿ, ಮಠ, ಮಸೀದಿಗಳಂತೆ ಊರೂರಿಗೆ ಚರ್ಚು ಇಲ್ಲಿ ಕಾಣಸಿಗುವುದಿಲ್ಲ. ಆದರೆ ಸಭೆ ಎಷ್ಟೇ ಚಿಕ್ಕದಿರಲಿ, ಅದಕ್ಕೊಂದು ರಜಿಸ್ಟರು ಇರಲೇಬೇಕು. ಯಾವ ಮಗುವಿಗೆ ಯಾವ ದಿನ ದೀಕ್ಷಾಸ್ನಾನವಾಯಿತು, ಯಾರ ಮದುವೆ ಯಾರ ಜೊತೆ ನಡೆಯಿತು, ಯಾರು ತೀರಿಕೊಂಡರು, ಯಾರು ಬೇರೆ ಊರಿನಿಂದ ಬಂದು ಸೇರಿದರು, ಯಾರು ಬಿಟ್ಟು ಹೋದರು ಎಂಬುದನ್ನೆಲ್ಲ ಸಭಾಪಾಲಕರು ತಮ್ಮ ಕೈಯಾರೆ ಬರೆದಿಡುವ ಪುಸ್ತಕ ಅದು. ಈಗ ಇಂಥ ಸಭೆಗಳ ಮುಂದೆ ಹೊಸದೊಂದು ಪ್ರಶ್ನೆ ಬಂದು ನಿಂತಿದೆ. ಈ ದಾಖಲೆಗಳನ್ನು ಗಣಕಕ್ಕೆ ಏರಿಸಿ, ಅಂತರಜಾಲದ ಸದಸ್ಯರ ಡೈರೆಕ್ಟರಿಗೆ ಜೋಡಿಸಿಬಿಟ್ಟರೆ ಹೇಗೆ? ರಜಿಸ್ಟರಿನಲ್ಲಿ ಒಂದು ಹೆಸರು ಬರೆದ ಕೂಡಲೇ ಎಲ್ಲರ ಮೊಬೈಲಿನಲ್ಲೂ ಅದು ತಾನಾಗಿ ಕಾಣಿಸಿಕೊಳ್ಳಬೇಕು ಎಂಬುದು ಆಸೆ. ಈ ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಹೇಗೆ ಪೂರೈಸಬೇಕು ಎಂಬಲ್ಲಿ ಎಚ್ಚರ ಬೇಕು. ನಾನು ಇಂದು ಹೇಳಬಯಸುವುದು ಇಷ್ಟೇ: ರಜಿಸ್ಟರನ್ನು ಗಣಕಕ್ಕೆ ಏರಿಸಲೇಬೇಕು, ಡೈರೆಕ್ಟರಿ ಬೇಕಿದ್ದರೆ ಅದೂ ಇರಲಿ, ಆದರೆ ಅವೆರಡೂ ಬೇರೆ ಬೇರೆ ಪುಸ್ತಕಗಳಾಗಿಯೇ ಉಳಿಯಬೇಕು. ಮಾಹಿತಿ ರಜಿಸ್ಟರಿನಿಂದ ಡೈರೆಕ್ಟರಿಗೆ ಹೋಗಬಹುದು, ಡೈರೆಕ್ಟರಿಯಿಂದ ರಜಿಸ್ಟರಿಗೆ ತಾನಾಗಿ ಬರಬಾರದು. ಹೋಗುವ ಮಾಹಿತಿಯೂ ಆಯಾ ಸದಸ್ಯರು ಒಪ್ಪಿದಷ್ಟೇ ಹೋಗಬೇಕು.

ರಜಿಸ್ಟರು ಯಾತಕ್ಕಾಗಿ ಹುಟ್ಟಿತು ಎಂಬುದನ್ನು ಮೊದಲು ನೋಡೋಣ. ಕಥೋಲಿಕ ಚರ್ಚಿನಲ್ಲಿ ಜ್ಞಾನಸ್ನಾನ, ಅಂದರೆ ದೀಕ್ಷಾಸ್ನಾನ, ಮತ್ತು ಮದುವೆಯ ದಾಖಲೆ ಇಡಲೇಬೇಕೆಂಬ ಕಟ್ಟಳೆ 1563ರ ಟ್ರೆಂಟ್ ಮಹಾಸಭೆಯಿಂದ ಗಟ್ಟಿಯಾಯಿತು. 1614ರ ರೋಮನ್ ವಿಧಿಪುಸ್ತಕ ಐದು ಬಗೆಯ ಪುಸ್ತಕಗಳನ್ನು ಹೇಳಿತು: ಜ್ಞಾನಸ್ನಾನದ್ದು, ದೃಢೀಕರಣ ಸಂಸ್ಕಾರದ್ದು, ಮದುವೆಯದು, ಮರಣದ್ದು, ಮತ್ತು ಮನೆಮನೆಯ ವಿವರದ್ದು. ಇಂದಿಗೂ ಧರ್ಮಕೇಂದ್ರದ ಗುರುಗಳು ಯಾವ ಪುಸ್ತಕಗಳನ್ನು ಇಡಬೇಕು, ಹೇಗೆ ಕಾಪಾಡಬೇಕು ಎಂಬುದಕ್ಕೆ 1983ರ ಚರ್ಚ್ ಕಾನೂನಿನ 535ನೆಯ ನಿಯಮವೇ ಆಧಾರ. ನಮ್ಮ ಭಾಗಕ್ಕೆ ಈ ರೂಢಿ ಹಲವು ದಾರಿಗಳಿಂದ ಬಂತು. 1820ರಲ್ಲಿ ಲಂಡನ್ ಮಿಷನ್ ಬೆಳಗಾವಿಯಲ್ಲಿ ಕೆಲಸ ಆರಂಭಿಸಿತು. 1837ರಲ್ಲಿ ಬಾಸೆಲ್ ಮಿಷನ್ ಧಾರವಾಡಕ್ಕೆ ಬಂತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಬೆಳಗಾವಿ ಭಾಗದ ಕೆಲಸವನ್ನು ಲಂಡನ್ ಮಿಷನ್ನಿನವರು ಮೆಥೋಡಿಸ್ಟರಿಗೆ ಒಪ್ಪಿಸಿದರು. 1953ರಲ್ಲಿ ಬೆಳಗಾವಿ ಕಥೋಲಿಕ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಮಿಷನ್ನು ಯಾವುದೇ ಇರಲಿ, ಪಂಗಡ ಯಾವುದೇ ಇರಲಿ, ಪುಸ್ತಕ ಇಡುವುದನ್ನು ಮಾತ್ರ ಯಾರೂ ಬಿಡಲಿಲ್ಲ. ಮದುವೆಯ ಪುಸ್ತಕಕ್ಕಂತೂ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಿಂದ ಸರಕಾರಿ ದಾಖಲೆಯ ತೂಕವೇ ಬಂತು. 1969ರ ಜನನ ಮರಣ ನೋಂದಣಿ ಕಾಯ್ದೆ ಬರುವ ಮುಂಚೆ ಹುಟ್ಟಿದ ಎಷ್ಟೋ ಜನರಿಗೆ ದೀಕ್ಷಾಸ್ನಾನದ ಪುಸ್ತಕದ ಒಂದು ಸಾಲೇ ವಯಸ್ಸಿಗೆ ಆಧಾರವಾಗಿತ್ತು. ಅಂದರೆ ರಜಿಸ್ಟರು ನಡೆದುಹೋದ ಸಂಗತಿಗೆ ಸಾಕ್ಷಿ. ಅದರಲ್ಲಿ ಬರೆದದ್ದನ್ನು ಅಳಿಸುವ ಪದ್ಧತಿ ಇಲ್ಲ. ತಪ್ಪಿದ್ದರೆ ಅಂಚಿನಲ್ಲಿ ಟಿಪ್ಪಣಿ ಬರೆದು, ತಾರೀಖು ಹಾಕಿ, ಸಹಿ ಮಾಡಬೇಕು.

ಒಂದು ಕಡೆಯ ದಾಖಲೆಯನ್ನು ಇನ್ನೊಂದು ಕಡೆಯ ದಾಖಲೆಗೆ ಹೊಂದಿಸುವ ಕೆಲಸ ಗಣಕದ ಜೊತೆಗೆ ಬಂದದ್ದು ಎಂದು ನಾವು ತಿಳಿದಿದ್ದೇವೆ. ಹಾಗಲ್ಲ. ಕಥೋಲಿಕ ಚರ್ಚು 1907ರಲ್ಲೇ ಒಂದು ಆಜ್ಞೆ ಹೊರಡಿಸಿ, ಮದುವೆ ಎಲ್ಲಿ ನಡೆದರೂ ಅದರ ಸಂಗತಿಯನ್ನು ವಧೂವರರು ಜ್ಞಾನಸ್ನಾನ ಪಡೆದ ಊರಿನ ಪುಸ್ತಕದಲ್ಲಿ ನಮೂದಿಸಬೇಕೆಂದು ವಿಧಿಸಿತು. ಬೈಲಹೊಂಗಲದ ಕಡೆ ಜ್ಞಾನಸ್ನಾನವಾದ ಹುಡುಗಿ ಮುಂಬಯಿಯಲ್ಲಿ ಮದುವೆಯಾದಳೆಂದು ಇಟ್ಟುಕೊಳ್ಳಿ. ಮುಂಬಯಿಯ ಗುರುಗಳು ಅಲ್ಲಿಂದ ಪತ್ರ ಬರೆಯಬೇಕು. ಇಲ್ಲಿಯ ಗುರುಗಳು ಆಕೆಯ ಜ್ಞಾನಸ್ನಾನದ ಸಾಲಿನ ಪಕ್ಕದಲ್ಲಿ ಆ ಮದುವೆಯನ್ನು ಗುರುತಿಸಬೇಕು. ಯಾರಾದರೂ ಎರಡನೆಯ ಸಲ ಮದುವೆಯಾಗಲು ಹೊರಟರೆ ಮೂಲ ಊರಿನ ಒಂದೇ ಪುಸ್ತಕ ನೋಡಿದರೆ ಸಾಕು, ಸಂಗತಿ ಗೊತ್ತಾಗುತ್ತದೆ. ಅಂಚೆಯ ಕಾಗದದಲ್ಲಿ ನಡೆಯುತ್ತಿದ್ದ ಈ ಏರ್ಪಾಟಿನಲ್ಲಿ ಗಮನಿಸಬೇಕಾದದ್ದು ಮೂರು ಸಂಗತಿ. ಒಬ್ಬ ವ್ಯಕ್ತಿಗೆ ಮೂಲ ದಾಖಲೆ ಎಂಬುದು ಒಂದೇ. ಬೇರೆ ಕಡೆಯಿಂದ ಬಂದ ಸುದ್ದಿ ಆ ಮೂಲದಲ್ಲಿ ತಾನಾಗಿ ಸೇರಿಕೊಳ್ಳುವುದಿಲ್ಲ, ಜವಾಬ್ದಾರಿ ಹೊತ್ತ ಒಬ್ಬರು ಓದಿ, ಖಾತ್ರಿ ಮಾಡಿಕೊಂಡು, ಸಹಿಯೊಡನೆ ಬರೆಯುತ್ತಾರೆ. ಮತ್ತು ಹೋಗುವ ಸುದ್ದಿ ಎಷ್ಟು ಬೇಕೋ ಅಷ್ಟೇ: ಯಾರು, ಯಾರನ್ನು, ಎಲ್ಲಿ, ಯಾವಾಗ ಮದುವೆಯಾದರು ಎಂಬುದು. ಗಣಕದ ಕಾಲದಲ್ಲಿ ಈ ಮೂರನ್ನೂ ಗಾಳಿಗೆ ತೂರಿದವರು ಪತ್ರ ವ್ಯವಹಾರದ ಕಾಲಕ್ಕಿಂತ ಹಿಂದೆ ಹೋದಂತೆಯೇ ಸರಿ.

ಈ ತತ್ತ್ವವನ್ನು ನಮ್ಮ ನಾಲ್ಕು ತಾಲೂಕುಗಳಿಗೆ ಅನ್ವಯಿಸಲು ಹೊರಟರೆ ಮೊದಲು ಎದುರಾಗುವುದು ಊರು ಮತ್ತು ಹೆಸರುಗಳ ತೊಡಕು. ಮುಂಬಯಿ ಪ್ರಾಂತದ ಕಾಲದಲ್ಲಿ ಬೈಲಹೊಂಗಲ ಇದ್ದದ್ದು ಸಂಪಗಾಂವ ತಾಲೂಕಿನಲ್ಲಿ. ಸವದತ್ತಿ ಇದ್ದದ್ದು ಪರಸಗಡ ತಾಲೂಕಿನಲ್ಲಿ. ರಾಮದುರ್ಗವಂತೂ 1948ರವರೆಗೆ ಬೇರೆಯೇ ಸಂಸ್ಥಾನ. ಕಿತ್ತೂರು ಬೈಲಹೊಂಗಲದಿಂದ ಒಡೆದು ಪ್ರತ್ಯೇಕ ತಾಲೂಕಾದದ್ದು ನಿನ್ನೆಮೊನ್ನೆ. ಬೆಳಗಾಂವ ಅಧಿಕೃತವಾಗಿ ಬೆಳಗಾವಿಯಾದದ್ದು 2014ರ ನವೆಂಬರ್ 1ರಂದು. ಹೀಗಾಗಿ ಅಜ್ಜ, ಮಗ, ಮೊಮ್ಮಗ ಮೂವರೂ ಒಂದೇ ಹಳ್ಳಿಯ ಒಂದೇ ಮನೆಯಲ್ಲಿ ಹುಟ್ಟಿದ್ದರೂ ಪುಸ್ತಕದಲ್ಲಿ ಮೂರು ತಾಲೂಕಿನವರಂತೆ ಕಂಡಾರು. ಹೆಸರುಗಳ ಗೊಂದಲ ಇದಕ್ಕೂ ಹೆಚ್ಚು. ದೀಕ್ಷಾಸ್ನಾನದಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಆಧಾರ್ ಕಾರ್ಡಿನಲ್ಲಿ ಮತ್ತೊಂದು. ಅಡ್ಡಹೆಸರು ಒಮ್ಮೆ ಊರಿನದು, ಒಮ್ಮೆ ಕಸುಬಿನದು. ಇಂಗ್ಲಿಷ್ ಅಕ್ಷರದಲ್ಲಿ ಯಲ್ಲಪ್ಪ ಎಂಬ ಹೆಸರನ್ನು ಬರೆಯುವಾಗ ವೈ ಅಕ್ಷರದ ಮುಂದೆ ಎ ಬರೆಯುವವರೂ ಇದ್ದಾರೆ, ಇ ಬರೆಯುವವರೂ ಇದ್ದಾರೆ. ಮನುಷ್ಯರ ಕಣ್ಣಿಗೆ ಇವೆಲ್ಲ ಒಬ್ಬನೇ ಯಲ್ಲಪ್ಪ. ಗಣಕಕ್ಕೆ ಇಬ್ಬರು. ತಾನಾಗಿ ಹೊಂದಿಸುವ ವ್ಯವಸ್ಥೆಗೆ ಇದನ್ನು ಬಿಟ್ಟುಕೊಟ್ಟರೆ ಒಬ್ಬನೇ ಮನುಷ್ಯ ಎರಡು ಕಡೆ ಸದಸ್ಯನಾಗುತ್ತಾನೆ, ಇಲ್ಲವೇ ಇಬ್ಬರು ಬೇರೆ ಬೇರೆ ಜನ ಒಂದೇ ಸಾಲಿನಲ್ಲಿ ಕರಗಿಹೋಗುತ್ತಾರೆ. ಎರಡನೆಯದು ಹೆಚ್ಚು ಅಪಾಯದ್ದು, ಏಕೆಂದರೆ ಅದು ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಉಳಿದುಬಿಡುತ್ತದೆ.

ಇಂಥದ್ದು ಆಗುತ್ತದೆಯೇ ಎಂದು ಸಂಶಯ ಪಡುವವರು ಭೂಮಿ ಯೋಜನೆಯನ್ನು ನೆನೆಯಬೇಕು. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರಕಾರ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಉತಾರಗಳನ್ನು, ಗಣಕಕ್ಕೆ ಏರಿಸಿತು. ಕೈಬರಹದ ಪಹಣಿ ಆಮೇಲೆ ನಡೆಯದಾಯಿತು. ತಲಾಟಿಯ ಬೆನ್ನು ಹತ್ತಿ ತಿರುಗುವುದು ತಪ್ಪಿತು, ದಾಖಲೆಯನ್ನು ಗುಟ್ಟಾಗಿ ತಿದ್ದುವ ಚಾಳಿಗೆ ಕಡಿವಾಣ ಬಿತ್ತು. ಇದು ದೊಡ್ಡ ಸಾಧನೆ. ಆದರೆ ಹಳೆಯ ಪುಸ್ತಕದಲ್ಲಿ ತಪ್ಪಾಗಿದ್ದ ಹೆಸರು ಗಣಕದಲ್ಲೂ ತಪ್ಪಾಗಿಯೇ ಬಂತು, ಟೈಪು ಮಾಡುವಾಗ ಹೊಸ ತಪ್ಪುಗಳು ಸೇರಿದವು, ಪಹಣಿ ತಿದ್ದುಪಡಿಯ ಅರ್ಜಿ ಹಿಡಿದು ತಹಶೀಲ್ದಾರ ಕಚೇರಿಗೆ ಅಲೆಯುವುದು ರೈತರ ಪಾಲಿಗೆ ಹೊಸ ಕೆಲಸವಾಯಿತು. ಆದರೂ ಅದೇ ಭೂಮಿ ಯೋಜನೆಯಿಂದ ಕಲಿಯಬೇಕಾದ ಒಳ್ಳೆಯ ಪಾಠವೂ ಇದೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹೊಲದ ಖರೀದಿ ನೋಂದಣಿಯಾದರೆ ಕಾವೇರಿ ತಂತ್ರಾಂಶದಿಂದ ಭೂಮಿಗೆ ಜೆ ಸ್ಲಿಪ್ ಎಂಬ ಸೂಚನೆ ಹೋಗುತ್ತದೆ. ಅಷ್ಟರಿಂದಲೇ ಪಹಣಿಯ ಹೆಸರು ಬದಲಾಗುವುದಿಲ್ಲ. ಸಂಬಂಧಪಟ್ಟವರಿಗೆ ನೋಟಿಸು ಕೊಟ್ಟು, ತಕರಾರು ಇದ್ದರೆ ಕೇಳಿ, ಆಮೇಲೆಯೇ ಖಾತೆ ಬದಲು. ಸುದ್ದಿ ಯಂತ್ರದ ವೇಗದಲ್ಲಿ ಬರಲಿ, ದಾಖಲೆ ಮಾತ್ರ ವಿಚಾರಣೆಯ ವೇಗದಲ್ಲಿ ಬದಲಾಗಲಿ ಎಂಬ ಈ ವಿವೇಕ ಚರ್ಚಿನ ರಜಿಸ್ಟರಿಗೂ ಬೇಕು. ತಮ್ಮ ಮೊಬೈಲಿನಲ್ಲಿ ಯಾರೋ ವಿಳಾಸ ತಿದ್ದಿಕೊಂಡರೆಂದು ಅವರ ಸದಸ್ಯತ್ವದ ಸಭೆಯೇ ಬದಲಾಗಬಾರದು.

ಇಷ್ಟು ತೊಡಕು ಇದ್ದ ಮೇಲೆ ಗಣಕದ ಗೊಡವೆಯೇ ಬೇಡ, ಕಾಗದದ ಪುಸ್ತಕವೇ ಸಾಕು ಎಂದು ಕೆಲವರು ಹೇಳಬಹುದು. ಈ ವಾದ ನಿಲ್ಲುವುದಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹರಿದಾಗ ರಾಮದುರ್ಗ ಪಟ್ಟಣದ ತಗ್ಗಿನ ಪ್ರದೇಶಗಳಿಗೂ ಹೊಳೆದಂಡೆಯ ಹಳ್ಳಿಗಳಿಗೂ ನೀರು ನುಗ್ಗಿತು. ಮನೆಯೊಳಗೆ ಎದೆಮಟ್ಟ ನೀರು ನಿಂತಾಗ ಕಪಾಟಿನ ಕಾಗದಕ್ಕೆ ಯಾವ ರಕ್ಷಣೆಯೂ ಇರುವುದಿಲ್ಲ. ನೀರು ಬಾರದ ಊರಲ್ಲಿ ಗೆದ್ದಲು ಇದೆ, ಮಾಳಿಗೆ ಮನೆಯ ಸೋರಿಕೆ ಇದೆ, ಮಸಿ ಮಾಸುವುದಿದೆ. ಒಂದೇ ಪ್ರತಿ ಇರುವ ಸಾಕ್ಷಿಯನ್ನು ಒಂದೇ ಕಪಾಟಿನಲ್ಲಿ ಇಟ್ಟು ನಂಬುವುದು ಜಾಣತನವಲ್ಲ. ಎರಡನೆಯ ಕಾರಣ ಇನ್ನೂ ಮುಖ್ಯವಾದದ್ದು. ಮೆಥೋಡಿಸ್ಟ್ ಸಭೆಗಳಲ್ಲೂ, ದಕ್ಷಿಣ ಭಾರತ ಸಭೆಯ ಕರ್ನಾಟಕ ಉತ್ತರ ಸಭಾಪ್ರಾಂತದಲ್ಲೂ ಸಭಾಪಾಲಕರಿಗೆ ಕೆಲವು ವರ್ಷಕ್ಕೊಮ್ಮೆ ವರ್ಗವಾಗುತ್ತದೆ. ರಜಿಸ್ಟರು ಊರಲ್ಲೇ ಉಳಿಯುತ್ತದೆ, ಆದರೆ ಅವರ ಮೊಬೈಲಿನಲ್ಲಿದ್ದ ಪಟ್ಟಿ ಅವರ ಜೊತೆಗೇ ಹೋಗುತ್ತದೆ. ಕಾಗದವೇ ಸಾಕು ಎನ್ನುವ ಸಭೆಯಲ್ಲೂ ವಾಟ್ಸ್ಆ್ಯಪ್ ಗುಂಪು ಇದ್ದೇ ಇರುತ್ತದೆ. ಯಾರೋ ಒಬ್ಬ ಹುಡುಗ ಎಕ್ಸೆಲ್ಲಿನಲ್ಲಿ ಮಾಡಿದ ಪಟ್ಟಿ ಹತ್ತು ಕೈಗೆ ಹೋಗಿಯೇ ಇರುತ್ತದೆ. ಹಾಗಾಗಿ ಸದಸ್ಯರ ಮಾಹಿತಿ ಗಣಕಕ್ಕೆ ಹೋಗಬೇಕೇ ಬೇಡವೇ ಎಂಬ ಚರ್ಚೆಗೆ ಈಗ ಅರ್ಥವಿಲ್ಲ. ಅದು ಹೋಗಿಯಾಗಿದೆ. ಹೇಳುವವರು ಕೇಳುವವರು ಇಲ್ಲದೆ ಹೋಗಿದೆ ಎಂಬುದೇ ಚಿಂತೆಗೆ ಕಾರಣ.

ಇನ್ನು ಡೈರೆಕ್ಟರಿಯ ಕಡೆಗೆ ಬರೋಣ. ಅದರ ಉಪಯೋಗವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಈ ತಾಲೂಕುಗಳಿಂದ ದುಡಿಮೆಗೆಂದು ಗೋವೆಗೆ, ಪುಣೆಗೆ, ಬೆಂಗಳೂರಿಗೆ ಹೋದವರು ಬಹಳ. ಊರಲ್ಲಿ ಸಾವಾದರೆ ಅವರಿಗೆ ತಿಳಿಸಬೇಕು, ಆಸ್ಪತ್ರೆಯಲ್ಲಿ ರಕ್ತ ಬೇಕಾದರೆ ಕೇಳಬೇಕು, ಗಂಡು ಹೆಣ್ಣು ನೋಡುವವರಿಗೆ ದಾರಿ ತೋರಿಸಬೇಕು. ಇದಕ್ಕೆಲ್ಲ ಡೈರೆಕ್ಟರಿ ಬೇಕು. ಆದರೆ ಡೈರೆಕ್ಟರಿ ನಡೆದ ಸಂಗತಿಗೆ ಸಾಕ್ಷಿಯಲ್ಲ, ಇಂದು ಒಬ್ಬರನ್ನು ತಲಪುವ ಬಗೆ ಹೇಗೆಂಬ ಸೂಚನೆ. ದೀಕ್ಷಾಸ್ನಾನದ ತಾರೀಖು ಎಂದಿಗೂ ಬದಲಾಗದು, ಫೋನ್ ನಂಬರು ವರ್ಷಕ್ಕೊಮ್ಮೆ ಬದಲಾದೀತು. ಮೊದಲನೆಯದಕ್ಕೆ ಸಭೆ ಜವಾಬ್ದಾರ, ಎರಡನೆಯದು ಆ ವ್ಯಕ್ತಿಯ ಸ್ವತ್ತು. ನಮ್ಮ ಸೀಮೆಯ ಹೆಳವರ ಪದ್ಧತಿಯಲ್ಲಿ ಈ ವಿವೇಕ ಅಡಗಿದೆ. ತಲೆತಲಾಂತರದ ವಂಶಾವಳಿಯನ್ನು ಬರೆದಿಟ್ಟುಕೊಂಡು ಊರೂರು ತಿರುಗುವ ಹೆಳವರು ತಮಗೆ ಸೇರಿದ ಮನೆತನದ ಬಾಗಿಲಿಗೆ ಬಂದು ಆ ಮನೆತನದ ಹೆಸರುಗಳನ್ನು ಓದುತ್ತಾರೆ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಳ್ಳುತ್ತಾರೆ, ಕಾಳುಕಡಿ ಪಡೆದು ಮುಂದಕ್ಕೆ ಹೋಗುತ್ತಾರೆ. ದಾಖಲೆ ಇಡುವವರು ಹೊರಗಿನವರು, ಆದರೆ ಅದನ್ನು ಓದಿ ಹೇಳುವುದು ಆ ಮನೆಯವರಿಗೆ. ಸಂತೆಯಲ್ಲಿ ನಿಂತು ಎಲ್ಲರ ವಂಶಾವಳಿಯನ್ನೂ ಎಲ್ಲರಿಗೂ ಓದಿ ಹೇಳುವ ಪದ್ಧತಿ ಅದಲ್ಲ.

ಯಾರ ಮಾಹಿತಿ ಯಾರಿಗೆ ಎಂಬ ಈ ಗೆರೆ ಅಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿಗೆ ಪಾಠ ಹೇಳಿದ ಒಂದು ಮೊಕದ್ದಮೆ ನಡೆದದ್ದು ಚರ್ಚಿನ ವಿಷಯದಲ್ಲೇ. ಸ್ವೀಡನ್ ದೇಶದ ಆಲ್ಸೆಡಾ ಎಂಬ ಊರಿನ ಸಭೆಯಲ್ಲಿ ಸೇವೆ ಮಾಡುತ್ತಿದ್ದ ಒಬ್ಬ ಮಹಿಳೆ 1998ರಲ್ಲಿ ದೃಢೀಕರಣಕ್ಕೆ ತಯಾರಾಗುತ್ತಿದ್ದವರಿಗೆ ಅನುಕೂಲವಾಗಲೆಂದು ಅಂತರಜಾಲದಲ್ಲಿ ಪುಟಗಳನ್ನು ತೆರೆದರು. ತಮ್ಮ ಜೊತೆ ಕೆಲಸ ಮಾಡುವ 18 ಜನರ ವಿವರ ಬರೆದರು, ಕೆಲವರ ಫೋನ್ ನಂಬರು ಕೊಟ್ಟರು, ಒಬ್ಬರು ಕಾಲಿಗೆ ಪೆಟ್ಟಾಗಿ ಅರ್ಧ ಹೊತ್ತಷ್ಟೇ ಕೆಲಸ ಮಾಡುತ್ತಿದ್ದಾರೆ ಎಂದೂ ಬರೆದರು. ಯಾರ ಒಪ್ಪಿಗೆಯನ್ನೂ ಕೇಳಿರಲಿಲ್ಲ. ದೂರು ಬಂದ ಕೂಡಲೇ ಪುಟಗಳನ್ನು ತೆಗೆದುಹಾಕಿದರೂ ದಂಡ ಬಿತ್ತು. ಪ್ರಕರಣ ಯುರೋಪಿನ ನ್ಯಾಯಾಲಯದವರೆಗೆ ಹೋಯಿತು. 2003ರ ನವೆಂಬರ್ 6ರಂದು ಬಂದ ತೀರ್ಪು, ಹೆಸರು ಮತ್ತು ಫೋನ್ ನಂಬರನ್ನು ಅಂತರಜಾಲದಲ್ಲಿ ಹಾಕುವುದೂ ವೈಯಕ್ತಿಕ ಮಾಹಿತಿಯ ಕಾನೂನಿಗೆ ಒಳಪಡುತ್ತದೆ, ಕಾಲಿನ ಪೆಟ್ಟಿನ ಸುದ್ದಿ ಆರೋಗ್ಯದ ಮಾಹಿತಿ ಎಂದು ಹೇಳಿತು. ಆ ಮಹಿಳೆಯ ಉದ್ದೇಶದಲ್ಲಿ ಕೆಡುಕಿನ ಎಳೆಯೂ ಇರಲಿಲ್ಲ. ಆದರೆ ಒಳ್ಳೆಯ ಮನಸ್ಸು ಒಪ್ಪಿಗೆಯ ಜಾಗವನ್ನು ತುಂಬಲಾರದು ಎಂಬುದೇ ಆ ತೀರ್ಪಿನ ಸಾರ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಗಟ್ಟಿಯಾದದ್ದೇ. ಸ್ವೀಡನ್ನಿನ ಮಾತು ನಮಗೇಕೆ, ಹಳ್ಳಿಯಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತದೆ ಎಂಬುದೂ ಎಲ್ಲರಿಗೂ ಗೊತ್ತು, ಭಾನುವಾರ ಯಾರು ಚರ್ಚಿಗೆ ಹೋಗುತ್ತಾರೆ ಎಂಬುದನ್ನು ಮುಚ್ಚಿಡುವುದು ಸಾಧ್ಯವೇ, ಮುಚ್ಚಿಡುವುದಾದರೂ ಏಕೆ ಎಂದು ಕೇಳಬಹುದು. ಊರಿನವರಿಗೆ ಗೊತ್ತಿರುವುದು ನಿಜ. ಆದರೆ ಊರಿನವರಿಗೆ ಗೊತ್ತಿರುವುದೂ, ಎಲ್ಲೋ ಕೂತ ಅಪರಿಚಿತನೊಬ್ಬ ನಾಲ್ಕು ತಾಲೂಕಿನ ಎಲ್ಲ ಹೆಸರುಗಳನ್ನು ಒಂದು ಗುಂಡಿ ಒತ್ತಿ ಜರಡಿ ಹಿಡಿಯುವುದೂ ಒಂದೇ ಅಲ್ಲ. ನಮ್ಮ ಚುನಾವಣಾ ಆಯೋಗವೇ ಈ ವ್ಯತ್ಯಾಸವನ್ನು ಒಪ್ಪಿದೆ. ಮತದಾರರ ಪಟ್ಟಿ ಯಾರು ಬೇಕಾದರೂ ನೋಡಬಹುದಾದ ಬಹಿರಂಗ ದಾಖಲೆ. ಆದರೂ ಅದನ್ನು ಗಣಕ ಸಲೀಸಾಗಿ ಹುಡುಕಬಲ್ಲ ರೂಪದಲ್ಲಿ ಕೊಡಬೇಕೆಂಬ ಬೇಡಿಕೆ ಬಂದಾಗ, ಮತದಾರರ ಖಾಸಗಿತನದ ಕಾರಣವನ್ನೂ ಮುಂದಿಟ್ಟು ಆಯೋಗ ಅದನ್ನು ವಿರೋಧಿಸಿತು. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಆ ಬೇಡಿಕೆಯನ್ನು ಪುರಸ್ಕರಿಸಲಿಲ್ಲ. ಬಹಿರಂಗವಾಗಿಯೇ ಇರುವ ಪಟ್ಟಿಯ ವಿಷಯದಲ್ಲಿ ಇಷ್ಟು ಎಚ್ಚರ ಇರುವಾಗ, ಒಂದು ಸಭೆ ತನ್ನವರ ಪಟ್ಟಿಯ ಬಗ್ಗೆ ಅದಕ್ಕಿಂತ ಕಡಿಮೆ ಎಚ್ಚರ ವಹಿಸುವುದು ಸರಿಯಾಗದು.

ಧರ್ಮದ ಗುರುತಿಗೆ ನಮ್ಮಲ್ಲಿ ಕಾನೂನಿನ ಪರಿಣಾಮವೂ ಇದೆ, ಇದನ್ನು ಮರೆಯುವಂತಿಲ್ಲ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧ ಧರ್ಮದವರನ್ನು ಬಿಟ್ಟು ಬೇರೆಯವರಿಗೆ ಪರಿಶಿಷ್ಟ ಜಾತಿಯ ಸ್ಥಾನ ಸಿಗುವುದಿಲ್ಲ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಪುದುಚೇರಿಯ ಒಂದು ಪ್ರಕರಣದಲ್ಲಿ ಜಾತಿ ಪ್ರಮಾಣಪತ್ರದ ಬೇಡಿಕೆಯನ್ನು ತಳ್ಳಿಹಾಕಿದಾಗ ಅರ್ಜಿದಾರರ ಜ್ಞಾನಸ್ನಾನದ ದಾಖಲೆಯೂ ಸಾಕ್ಷ್ಯವಾಗಿ ಬಂದಿತ್ತು. 2021ರ ಡಿಸೆಂಬರಿನಲ್ಲಿ ಮತಾಂತರ ಕುರಿತ ಮಸೂದೆಗೆ ನಮ್ಮ ವಿಧಾನಸಭೆ ಒಪ್ಪಿಗೆ ಕೊಟ್ಟದ್ದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಹೈಕೋರ್ಟ್ ಸಮೀಕ್ಷೆಯನ್ನು ನಿಲ್ಲಿಸಲಿಲ್ಲ, ಆದರೆ ಮಾಹಿತಿ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದು, ಕೊಟ್ಟ ಮಾಹಿತಿ ಗೌಪ್ಯವಾಗಿರಬೇಕು ಎಂದಿತು. ಈ ಕಾನೂನು, ಆದೇಶಗಳ ಸರಿತಪ್ಪು ಇಂದಿನ ನನ್ನ ವಿಷಯವಲ್ಲ. ಧರ್ಮದ ಗುರುತು ಎಷ್ಟು ಭಾರವಾದದ್ದು ಎಂಬುದನ್ನು ಇವು ತೋರಿಸುತ್ತವೆ ಎಂಬುದಷ್ಟೇ ನನ್ನ ಮಾತು. ರಜಿಸ್ಟರಿನ ಸಾಲು ಸತ್ಯವಾದದ್ದು, ಸಹಿಯುಳ್ಳದ್ದು. ಅದನ್ನು ಕೇಳುವ ಅಧಿಕಾರ ಇದ್ದವರು ಕೇಳಿದರೆ ಸಭೆ ತೋರಿಸಬೇಕಾದೀತು. ಆದರೆ ಡೈರೆಕ್ಟರಿಯಲ್ಲಿ ಪ್ರಾರ್ಥನೆಗೆಂದು ಬಂದು ಹೋಗುವವರು, ಸದಸ್ಯರ ಮನೆಯ ಬೇರೆ ಧರ್ಮದ ನೆಂಟರು, ಸಂಡೇ ಸ್ಕೂಲಿಗೆ ಬರುವ ಪಕ್ಕದ ಮನೆಯ ಮಕ್ಕಳು ಇವರ ಹೆಸರೆಲ್ಲ ಅಜಾಗರೂಕತೆಯಿಂದ ಸೇರಿದರೆ, ಯಾರೂ ಸಹಿ ಮಾಡದ ಒಂದು ಸಾಲು ಯಾರದೋ ಬದುಕಿಗೆ ಸುಳ್ಳು ಸಾಕ್ಷಿಯಾಗಿ ನಿಲ್ಲಬಹುದು.

ಕಾನೂನು ಈ ವಿಷಯದಲ್ಲಿ ಏನನ್ನುತ್ತದೆ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ನಮಗೆ ಹೆಮ್ಮೆ. ಅದರ ಹಿನ್ನೆಲೆಯಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾದವು, ಮುಖ್ಯ ಕರ್ತವ್ಯಗಳನ್ನು ಪಾಲಿಸಲು ಹದಿನೆಂಟು ತಿಂಗಳ ಕಾಲಾವಕಾಶ ಸಿಕ್ಕಿತು. ಕಾಗದದಲ್ಲೇ ಇರುವ ರಜಿಸ್ಟರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅದನ್ನು ಗಣಕಕ್ಕೆ ಏರಿಸಿದ ಕ್ಷಣ ಅನ್ವಯಿಸುತ್ತದೆ. ಒಪ್ಪಿಗೆ ಕೇಳುವ ನೋಟಿಸನ್ನು ಕನ್ನಡದಲ್ಲಿ ಓದುವ ಅವಕಾಶ ಇರಬೇಕು. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆಯುವುದೂ ಅಷ್ಟೇ ಸುಲಭವಾಗಿರಬೇಕು. ಹದಿನೆಂಟು ತುಂಬದ ಮಕ್ಕಳ ಮಾಹಿತಿಗೆ ತಂದೆತಾಯಿಗಳ ಖಚಿತ ಒಪ್ಪಿಗೆ ಬೇಕು. ಮಾಹಿತಿಗೆ ತಕ್ಕ ಭದ್ರತೆ ಇಡದೆ ಸೋರಿಹೋದರೆ ದಂಡ 250 ಕೋಟಿ ರೂಪಾಯಿಯವರೆಗೆ ಹೋಗಬಹುದು. ಅಷ್ಟು ದಂಡವನ್ನು ಹಳ್ಳಿಯ ಸಭೆಯ ಮೇಲೆ ಯಾರೂ ಹೇರಲಾರರು ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಕಾನೂನಿನ ಮುಖ್ಯ ಮಾತು ದಂಡದ್ದಲ್ಲ, ಒಪ್ಪಿಗೆ ಯಾರದು ಎಂಬುದು. ನಮ್ಮ ಡೈರೆಕ್ಟರಿಗಳಲ್ಲಿ ಮನೆಯ ಯಜಮಾನನ ಹೆಸರು ಮೇಲೆ, ಉಳಿದವರೆಲ್ಲ ಅವನ ಕೆಳಗೆ. ಅವನೊಬ್ಬ ಸಹಿ ಹಾಕಿದರೆ ಮನೆಯವರೆಲ್ಲ ಒಪ್ಪಿದಂತೆ. ಹಾಗೆ ಮಾಡಬಾರದು. ಗಂಡನಿಂದ ಬೇರೆಯಾಗಿ ತವರಿನಲ್ಲಿರುವ ಹೆಣ್ಣುಮಗಳ ಈಗಿನ ವಿಳಾಸವನ್ನು ಯಾರಿಗೆ ತಿಳಿಸಬೇಕು, ಯಾರಿಗೆ ತಿಳಿಸಬಾರದು ಎಂಬುದನ್ನು ಆಕೆಯೇ ನಿರ್ಧರಿಸಬೇಕು. ಹದಿನೆಂಟು ದಾಟಿದ ಪ್ರತಿಯೊಬ್ಬರ ಸಹಿ ಪ್ರತ್ಯೇಕವಾಗಿ ಬೇಕು.

ಒಪ್ಪಿಗೆ ಹಿಂತೆಗೆದರೆ ಅಳಿಸಬೇಕು ಎಂದಾದರೆ, ನಾಳೆ ಯಾರೋ ಬಂದು ದೀಕ್ಷಾಸ್ನಾನದ ಸಾಲನ್ನೇ ಅಳಿಸಿ ಎಂದಾರು, ಆಗ ರಜಿಸ್ಟರಿನ ಗತಿ ಏನು ಎಂಬ ಭಯ ಸಭಾಪಾಲಕರಿಗೆ ಸಹಜ. ಈ ಪ್ರಶ್ನೆ ಯುರೋಪಿನಲ್ಲಿ ಎದ್ದಿದೆ, ಉತ್ತರಗಳು ಎರಡು ಬಗೆಯಾಗಿ ಬಂದಿವೆ. ಜ್ಞಾನಸ್ನಾನದ ರಜಿಸ್ಟರಿನಿಂದ ಹೆಸರು ಅಳಿಸಬೇಕಿಲ್ಲ ಎಂಬ ಡಬ್ಲಿನ್ ಮಹಾಧರ್ಮಪ್ರಾಂತ್ಯದ ನಿಲುವನ್ನು ಐರ್ಲೆಂಡಿನ ದತ್ತಾಂಶ ಆಯೋಗ 2023ರಲ್ಲಿ ಒಪ್ಪಿತು. ಅದೇ ವರ್ಷದ ಕೊನೆಯಲ್ಲಿ ಬೆಲ್ಜಿಯಮ್ಮಿನ ಪ್ರಾಧಿಕಾರ ಗೆಂಟ್ ಧರ್ಮಪ್ರಾಂತ್ಯದ ವಿಷಯದಲ್ಲಿ ಇದಕ್ಕೆ ವಿರುದ್ಧವಾಗಿ ನಿರ್ಣಯಿಸಿತು. ಪಂಡಿತರೇ ಹೀಗೆ ಎರಡು ದಾರಿ ಹಿಡಿದಿರುವಾಗ ನಮ್ಮ ಸಭೆಗಳಿಗೆ ಉಳಿದ ಜಾಣತನ ಒಂದೇ: ಅಳಿಸಬಹುದಾದದ್ದನ್ನೂ ಅಳಿಸಬಾರದ್ದನ್ನೂ ಒಂದೇ ಕಡೆ ಬೆರೆಸದಿರುವುದು. ಎರಡೂ ಒಂದೇ ಕಡತದಲ್ಲಿದ್ದರೆ ಫೋನ್ ನಂಬರು ತೆಗೆಯಿರಿ ಎಂಬ ಸಣ್ಣ ಕೋರಿಕೆಯೂ ರಜಿಸ್ಟರಿನ ಮೇಲಿನ ಜಗಳವಾಗುತ್ತದೆ. ಬೇರೆ ಬೇರೆ ಇದ್ದರೆ ಡೈರೆಕ್ಟರಿಯಿಂದ ಹೆಸರು ಅಂದೇ ಹೋಗುತ್ತದೆ, ರಜಿಸ್ಟರಿನ ಸಾಕ್ಷಿ ಕಪಾಟಿನಲ್ಲಿ ಭದ್ರವಾಗಿ ಉಳಿಯುತ್ತದೆ. ನಾನು ಹೇಳುತ್ತಿರುವ ಬೇರ್ಪಡಿಕೆ ಸದಸ್ಯರನ್ನು ಕಾಯುವಷ್ಟೇ ರಜಿಸ್ಟರನ್ನೂ ಕಾಯುತ್ತದೆ.

ಕೊನೆಯ ಆಕ್ಷೇಪ ಖರ್ಚಿನದು, ಕೈಬಲದ್ದು. ನಾಲ್ಕೈದು ಡಜನ್ ಕುಟುಂಬಗಳ ಸಭೆಗೆ ಇಷ್ಟೆಲ್ಲ ಹೇಗೆ ಸಾಧ್ಯ ಎಂಬುದು. ಚಿಕ್ಕ ಸಭೆಗೆ ಇದು ದೊಡ್ಡ ಸಭೆಗಿಂತ ಸುಲಭ. ಮೊದಲು ಹಳೆಯ ರಜಿಸ್ಟರುಗಳ ಪುಟಪುಟದ ಫೋಟೋ ತೆಗೆದು ಎರಡು ಡಿಸ್ಕಿನಲ್ಲಿಡಿ. ಒಂದು ಊರಲ್ಲೇ ಇರಲಿ, ಇನ್ನೊಂದನ್ನು ಹೊಳೆಯ ನೀರು ತಲಪದ ಕಡೆ, ಸಭಾಪ್ರಾಂತದ ಕಚೇರಿಯಲ್ಲೋ ಧರ್ಮಪ್ರಾಂತ್ಯದ ಕಚೇರಿಯಲ್ಲೋ ಇಡಿಸಿ. ಟೈಪು ಮಾಡುವ ಕೆಲಸ ಆಮೇಲಿನದು. ಟೈಪು ಮಾಡುವಾಗ ಮೂಲದಲ್ಲಿ ಇದ್ದದ್ದನ್ನು ಇದ್ದಂತೆಯೇ ಬರೆಯಬೇಕು. ಸಂಪಗಾಂವ ಇದ್ದರೆ ಸಂಪಗಾಂವವೇ ಇರಲಿ, ಈಗಿನ ತಾಲೂಕನ್ನು ಪಕ್ಕದ ಅಂಕಣದಲ್ಲಿ ಹಾಕಿ. ಒಬ್ಬೊಬ್ಬರಿಗೂ ಒಂದು ಕ್ರಮಸಂಖ್ಯೆ ಕೊಡಿ, ಹೆಸರು ನೋಡಿ ಹೊಂದಿಸುವುದನ್ನು ಗಣಕಕ್ಕೆ ಬಿಡಬೇಡಿ, ಮನೆಯವರನ್ನು ಕರೆದು ಓದಿ ಹೇಳಿ ಖಾತ್ರಿ ಮಾಡಿಕೊಳ್ಳಿ. ಬರೆಯುವವರು ಒಬ್ಬರು, ತಾಳೆ ನೋಡುವವರು ಇನ್ನೊಬ್ಬರು. ಡೈರೆಕ್ಟರಿಗೆ ಹೋಗುವುದು ಒಪ್ಪಿದವರ ಹೆಸರು, ಊರು, ಅದಕ್ಕೂ ಒಪ್ಪಿದ್ದರೆ ಫೋನ್ ನಂಬರು, ಇಷ್ಟೇ. ದೀಕ್ಷಾಸ್ನಾನದ ತಾರೀಖು, ಹಿಂದಿನ ಹೆಸರು, ಜಾತಿ, ಕಾಣಿಕೆಯ ಲೆಕ್ಕ, ಕಾಯಿಲೆಯ ಸುದ್ದಿ ಇವು ಅಲ್ಲಿಗೆ ಎಂದಿಗೂ ಹೋಗಬಾರದು. ಪುಕ್ಕಟೆ ಸಿಗುವ ಆ್ಯಪ್ ಕಂಡರೆ ಮೊದಲು ಕೇಳಬೇಕಾದದ್ದು ಈ ಮಾಹಿತಿ ಯಾರ ಯಂತ್ರದಲ್ಲಿ ಕೂರುತ್ತದೆ, ನಾಳೆ ಬಿಡಬೇಕೆಂದರೆ ಹಿಂದಕ್ಕೆ ಸಿಗುತ್ತದೆಯೇ ಎಂದು. ಸಭಾಪಾಲಕರಿಗೆ ವರ್ಗವಾದ ದಿನ ಕಪಾಟಿನ ಕೀಲಿ ಒಪ್ಪಿಸುವಂತೆ ಪಾಸ್‌ವರ್ಡನ್ನೂ ಒಪ್ಪಿಸಿ, ಹೊಸದನ್ನು ಹಾಕಿಸಬೇಕು.

ಕೇಳುಗರಲ್ಲಿ ಬಹುಪಾಲು ಜನ ಬೇರೆ ಧರ್ಮ, ಪಂಗಡದವರು ಇದ್ದೀರಿ. ಈ ಮಾತು ನಿಮಗೂ ಸಲ್ಲುತ್ತದೆ. ಸಮಾಜದ ಸಂಘಗಳು ವಧೂವರರ ಪಟ್ಟಿ ಮಾಡುತ್ತವೆ, ಮಠಗಳು ಭಕ್ತರ ಪಟ್ಟಿ ಇಡುತ್ತವೆ, ಜಮಾತುಗಳು ಮನೆಗಳ ಪಟ್ಟಿ ಇಡುತ್ತವೆ. ಇವೆಲ್ಲವೂ ಇಂದಲ್ಲ ನಾಳೆ ಮೊಬೈಲಿಗೆ ಬರುವಂಥವೇ. ಎಲ್ಲದಕ್ಕೂ ಅದೇ ಲೆಕ್ಕ: ಸಾಕ್ಷಿಗಾಗಿ ಇಟ್ಟದ್ದು ಯಾವುದು, ಸಂಪರ್ಕಕ್ಕಾಗಿ ಇಟ್ಟದ್ದು ಯಾವುದು ಎಂದು ಮೊದಲೇ ಬೇರೆ ಮಾಡಬೇಕು. ಈ ನಿರ್ಣಯವನ್ನು ಗಣಕ ಬಲ್ಲ ಒಬ್ಬ ಯುವಕನ ಮೇಲೂ, ಸಭಾಪಾಲಕರೊಬ್ಬರ ಮೇಲೂ ಹೊರಿಸಬಾರದು. ಚರ್ಚಿನಲ್ಲಾದರೆ ವಾರ್ಷಿಕ ಸಭೆಯಲ್ಲಿ ಎಲ್ಲರ ಮುಂದೆ ಇಟ್ಟು, ಯಾವ ಮಾಹಿತಿ ಹೋಗುತ್ತದೆ, ಯಾರು ನೋಡುತ್ತಾರೆ, ಬೇಡವೆಂದವರ ಹೆಸರು ಎಷ್ಟು ದಿನದಲ್ಲಿ ತೆಗೆಯಲಾಗುತ್ತದೆ ಎಂಬುದನ್ನು ಠರಾವಿನಲ್ಲಿ ಬರೆಯಬೇಕು. ಬೇಡ ಎಂದವರನ್ನು ಏಕೆ ಎಂದು ಕೇಳುವ ಹಕ್ಕು ಯಾರಿಗೂ ಇರಬಾರದು. ಅವರ ಹೆಸರು ಡೈರೆಕ್ಟರಿಯಲ್ಲಿ ಇಲ್ಲವೆಂದು ಸದಸ್ಯತ್ವಕ್ಕೆ, ಮತದಾನಕ್ಕೆ, ಮದುವೆಗೆ, ಮಣ್ಣಿಗೆ ಯಾವ ಕೊರತೆಯೂ ಬರಬಾರದು ಎಂಬ ಮಾತೂ ಅದೇ ಠರಾವಿನಲ್ಲಿ ಇರಬೇಕು. ಡೈರೆಕ್ಟರಿ ತೆರೆಯುವುದಕ್ಕೆ ಮುಂಚೆ ಈ ಠರಾವು ಆಗಲಿ.